ಗಾಡಿ ಓಡುತ್ತಿದ್ದರೆ ಲೇಟ್ ಹೆಂಗಾಗತೈತಿ?

ಪ್ರಶ್ನೆ: ಸರ್, ನಮಸ್ಕಾರ. ನಾವು ಇಂಡಿ ತಾಲ್ಲೂಕಿನವರು. ಮಗನ ಓದಿಗಾಗಿ ವಿಜಯಪುರದಲ್ಲಿ ಮನೆ ಮಾಡಿದ್ದೇವೆ. ಅವನೀಗ ಒಂಬತ್ತನೇ ಇಯತ್ತೆ. ಹೋದ ತಿಂಗಳು ಸೊಲ್ಲಾಪುರದಿಂದ ಬರುವ ಅವರಪ್ಪನನ್ನು ಕರೆತರಲು ಸ್ಟೇಷನ್ನಿಗೆ ಹೋದಾಗ ಮೈಕಿನಲ್ಲಿ ‘ಟ್ರೇನ್ ಈಸ್ ರನ್ನಿಂಗ್ ಲೇಟ್’ ಅಂದರು. “ಯವ್ವಾ, ರನ್ನಿಂಗ್ ಅಂದ್ರ ಗಾಡಿ ಓಡಾಕತ್ತೈತಿ. ಓಡಾಕತ್ತಿದ್ರ ಲೇಟ್ ಹೆಂಗ?” ಅಂತ ಕೇಳಿದ. ನನಗೆ ಹೇಳಲು ಬರಲಿಲ್ಲ. ಮನೆಗೆ ಬಂದು ಡಿಕ್ಷನರಿ ತೆಗೆದರೆ ರನ್ ಪದಕ್ಕೆ ಎರಡು ಪುಟ ಅರ್ಥ! ಟ್ಯೂಷನ್ ಮಾಸ್ತರರು ಎಲ್ಲ ಬಾಯಿಪಾಠ ಮಾಡು, ಕನ್ನಡದಾಗ ವಿಚಾರ ಮಾಡಲೇಬೇಡ ಅನ್ನುತ್ತಾರೆ. ಇನ್ನೊಂದು ಮಾತು. ಪ್ರಬಂಧದಲ್ಲಿ ಅವನು ‘ಅವರ್ ವೆಲ್ ರ‍್ಯಾನ್ ಡ್ರೈ’ ಅಂತ ಬರೆದಿದ್ದ. ಬಾವಿ ಎಲ್ಲಿಯಾದರೂ ಓಡುತ್ತದೆಯೇ ಅಂತ ಶಾಲೆಯಲ್ಲಿ ಕೆಂಪು ಗೆರೆ ಎಳೆದಿದ್ದಾರೆ. ಅಂದಿನಿಂದ ಇಂಗ್ಲಿಷ್ ಬರೆಯಲು ಹಿಂಜರಿಯುತ್ತಾನೆ. ಏನು ಮಾಡಲಿ?

ಉತ್ತರ: ತಂಗೀ, ಬಾವಿಯ ವಿಷಯಕ್ಕೆ ಕೊನೆಗೆ ಬರುತ್ತೇನೆ, ಅದಕ್ಕೆ ಸ್ವಲ್ಪ ತಯಾರಿ ಬೇಕು. ಮೊದಲು ಗಾಡಿಯದು ಮುಗಿಸೋಣ.

ಬಂದ್ ಇದ್ದ ದಿನ ಬಸ್ ಸ್ಟ್ಯಾಂಡಿನ ಹತ್ತಿರ ಮನೆಯಿರುವ ಪರಿಚಯದವರಿಗೆ ಫೋನ್ ಹಚ್ಚಿ ಏನು ಕೇಳುತ್ತೀರಿ? “ಇವತ್ತ ಬಸ್ ಓಡಾಕತ್ತಾವೇನ್ರಿ?” ಅಂತ. ಅವರು “ಹೂಂ, ಓಡಾಕತ್ತಾವು” ಅಂದಾಗ ಎಲ್ಲ ಬಸ್ಸೂ ಆ ಕ್ಷಣಕ್ಕೆ ಹೆದ್ದಾರಿಯ ಮೇಲೆ ಧಾವಿಸುತ್ತಿವೆ ಅಂತ ನಿಮಗೆ ಅನಿಸುವುದಿಲ್ಲ. ಕೆಲವು ನಿಲ್ದಾಣದಲ್ಲೇ ನಿಂತಿರುತ್ತವೆ, ಡ್ರೈವರ್ ಚಾ ಕುಡಿಯುತ್ತಿರುತ್ತಾನೆ. ಆದರೂ ಬಸ್ ‘ಓಡುತ್ತಿವೆ’, ಅಂದರೆ ಸಂಚಾರ ಚಾಲೂ ಇದೆ. ಸ್ಟೇಷನ್ನಿನ ರನ್ನಿಂಗ್ ಕೂಡ ಇದೇ. ನೀವು ಕಾಯುತ್ತಿದ್ದ ಗಾಡಿ ಇಂಡಿ ರೋಡ್ ಸ್ಟೇಷನ್ನಿನ ಹತ್ತಿರ ಸಿಗ್ನಲ್ ಸಿಗದೆ ಅರ್ಧ ತಾಸು ನಿಂತಿದ್ದರೂ ಇಂಗ್ಲಿಷಿನಲ್ಲಿ ಅದು ‘ರನ್ನಿಂಗ್ ಲೇಟ್’ ಆಗಿಯೇ ಇರುತ್ತದೆ. ಆ ರನ್‌ಗೂ ಚಕ್ರದ ವೇಗಕ್ಕೂ ಸಂಬಂಧವಿಲ್ಲ. ವೇಳಾಪಟ್ಟಿಯ ಪ್ರಕಾರ ನಡೆಯಬೇಕಾದದ್ದು ನಡೆಯುತ್ತಿದೆ, ಆದರೆ ಹಿಂದೆ ಬಿದ್ದಿದೆ, ಅಷ್ಟೇ. ಮಗನಿಗೆ ಇಷ್ಟು ಹೇಳಿದರೆ ಸಾಕು, ಬಸ್ಸಿನ ಮಾತು ಅವನಿಗೆ ತಟ್ಟನೆ ಹೊಳೆಯುತ್ತದೆ.

ಈಗ ಆ ಎರಡು ಪುಟಗಳ ಮಾತು. ನಿಮ್ಮ ಮನೆಯ ಡಿಕ್ಷನರಿ ಚಿಕ್ಕದು. ಆಕ್ಸ್‌ಫರ್ಡ್‌ನವರ ದೊಡ್ಡ ನಿಘಂಟಿಗಾಗಿ ರನ್ ಪದವನ್ನು ಹೊಸದಾಗಿ ಪರಿಷ್ಕರಿಸಿದ ಸಂಪಾದಕ ಪೀಟರ್ ಗಿಲಿವರ್ ಆ ಒಂದು ಪದದ ಮೇಲೆ ಒಂಬತ್ತು ತಿಂಗಳು ಕೂತರು. ಕ್ರಿಯಾಪದವಾಗಿ ಬಳಕೆಯಾಗುವ ರನ್‌ಗೇ 645 ಅರ್ಥಗಳು ಲೆಕ್ಕಕ್ಕೆ ಸಿಕ್ಕವು. ಅದೇ ನಿಘಂಟಿನ 20 ಸಂಪುಟಗಳ ಎರಡನೇ ಆವೃತ್ತಿ 1989ರಲ್ಲಿ ಬಂದಾಗ ಎಲ್ಲಕ್ಕಿಂತ ಹೆಚ್ಚು ಜಾಗ ತೆಗೆದುಕೊಂಡಿದ್ದ ಪದ ಸೆಟ್. ಇನ್ನೂ ಹಿಂದೆ, 1755ರಲ್ಲಿ ತನ್ನ ನಿಘಂಟನ್ನು ತಂದ ಸ್ಯಾಮ್ಯುಯೆಲ್ ಜಾನ್ಸನ್ ಮುನ್ನುಡಿಯಲ್ಲಿ ತನ್ನನ್ನು ಕಾಡಿದ ಪದಗಳನ್ನು ಹೆಸರಿಟ್ಟು ಹೇಳಿದ್ದಾನೆ: ಕಮ್, ಗೆಟ್, ಗಿವ್, ಪುಟ್, ಸೆಟ್, ಗೋ, ಮೇಕ್, ಟೇಕ್, ಜೊತೆಗೆ ರನ್. ಗಮನಿಸಿ, ಇವೆಲ್ಲ ಇಂಗ್ಲಿಷ್ ಮಕ್ಕಳು ಮೂರು ನಾಲ್ಕು ವರ್ಷಕ್ಕೇ ಆಡುವ ಪದಗಳು. ಕಷ್ಟದ ಪದಗಳಿಗೆ ಅರ್ಥ ಒಂದೋ ಎರಡೋ ಇರುತ್ತದೆ. ದಿನಾ ಕೈಗೆ ಸಿಗುವ ಪಾತ್ರೆಯಲ್ಲಿ ಹಾಲು ಕಾಯಿಸುತ್ತೇವೆ, ಅಕ್ಕಿ ಅಳೆಯುತ್ತೇವೆ, ನೀರು ಮೊಗೆಯುತ್ತೇವೆ. ಅಟ್ಟದ ಮೇಲಿನ ಪಾತ್ರೆ ಹಬ್ಬಕ್ಕೆ ಮಾತ್ರ ಇಳಿಯುತ್ತದೆ. ಪದಗಳದೂ ಹೀಗೇ.

645 ಅರ್ಥ ಅಂದಾಗ ಎದೆ ಝಲ್ ಅನ್ನುವುದು ಸಹಜ. ಆದರೆ ನಿಮ್ಮ ಮಗ ಇಂಥದೊಂದು ಪದವನ್ನು ಶಾಲೆ ಸೇರುವ ಮೊದಲೇ, ಯಾರೂ ಕಲಿಸದೆ ಕಲಿತಿದ್ದಾನೆ. ಅದು ನಮ್ಮ ‘ಹೊಡಿ’.

ಬೆಳಿಗ್ಗೆ ಎದ್ದು ಅವನ ಅಜ್ಜ ಹೊಲದಲ್ಲಿ ಕುಂಟಿ ಹೊಡೆಯುತ್ತಾರೆ. ಚಿಕ್ಕಪ್ಪ ಟ್ರ್ಯಾಕ್ಟರ್ ಹೊಡೆಯುತ್ತಾನೆ, ಹೋಗುವ ಮೊದಲು ಟೈರಿಗೆ ಗಾಳಿ ಹೊಡೆಸುತ್ತಾನೆ. ಗೋಡೆಗೆ ಬಣ್ಣ ಹೊಡೆಯುತ್ತೇವೆ, ಮೊಳೆ ಹೊಡೆಯುತ್ತೇವೆ. ಹುಡುಗರು ಬಾವಿಯಲ್ಲಿ ಈಜು ಹೊಡೆಯುತ್ತಾರೆ, ಶಾಲೆಗೆ ಚಕ್ಕರ್ ಹೊಡೆಯುತ್ತಾರೆ. ಕಟ್ಟೆಯ ಮೇಲೆ ಕುಳಿತವರು ಹರಟೆ ಹೊಡೆಯುತ್ತಾರೆ. ಮಧ್ಯಾಹ್ನ ಬಿಸಿಲು ಹೊಡೆಯುತ್ತದೆ, ಹಳಸಿದ ಪಲ್ಯ ವಾಸನೆ ಹೊಡೆಯುತ್ತದೆ, ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಿದರೆ ಕರೆಂಟ್ ಹೊಡೆಯುತ್ತದೆ. ಇಷ್ಟರಲ್ಲಿ ಯಾರೂ ಯಾರಿಗೂ ಏಟು ಕೊಟ್ಟಿಲ್ಲ.

ಇನ್ನೂ ಹತ್ತಿರದಿಂದ ಒಂದನ್ನು ನೋಡೋಣ. “ಎಣ್ಣಿ ಹೊಡದು ಬಂದ.” ಬೆಳಿಗ್ಗೆ ಹತ್ತಕ್ಕೆ, ಬೆನ್ನಿಗೆ ಪಂಪು ಕಟ್ಟಿಕೊಂಡು ನಿಂಬೆ ತೋಟದಿಂದ ಬಂದವನ ಬಗ್ಗೆ ಈ ಮಾತು ಹೇಳಿದರೆ ಅವನು ಗಿಡಗಳಿಗೆ ಔಷಧ ಸಿಂಪಡಿಸಿ ಬಂದಿದ್ದಾನೆ. ರಾತ್ರಿ ಹತ್ತಕ್ಕೆ ಇದೇ ಮಾತು ಹೇಳಿದರೆ ಮನೆಯಲ್ಲಿ ಜಗಳ ಆಗುತ್ತದೆ. ಪದಗಳು ಅವೇ, ಕ್ರಮ ಅದೇ. ಬೇರೆಯಾದದ್ದು ಹೊತ್ತು, ಬೆನ್ನಿನ ಮೇಲಿನ ಪಂಪು, ಬಂದ ದಾರಿ. ನಿಮ್ಮ ಮಗ ಇದರಲ್ಲಿ ಎಂದಾದರೂ ಎಡವಿದ್ದಾನೆಯೇ? ಯಾವ ಪಟ್ಟಿಯನ್ನೂ ಬಾಯಿಪಾಠ ಮಾಡದೆ ಅವನು ಇದನ್ನು ತಿಳಿದ. ಪದದ ಅಕ್ಕಪಕ್ಕ ಯಾರು ನಿಂತಿದ್ದಾರೆ ಅಂತ ನೋಡಿ ತಿಳಿದ.

ಜೆ.ಆರ್. ಫರ್ತ್ ಅಂತ ಒಬ್ಬ ಭಾಷಾವಿಜ್ಞಾನಿ ಇದ್ದರು. 1919ರಿಂದ 1928ರವರೆಗೆ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದು, ಆಮೇಲೆ ಲಂಡನ್ನಿನಲ್ಲಿ ಹೆಸರು ಮಾಡಿದವರು. ಒಂದು ಪದ ಯಾರ ಸಂಗಡ ಇರುತ್ತದೆ ಎಂಬುದರಿಂದಲೇ ಅದನ್ನು ಅರಿಯಬೇಕು ಎಂಬುದು ಅವರ ಪ್ರಸಿದ್ಧ ಮಾತಿನ ಸಾರ. ಮನುಷ್ಯರ ಬಗ್ಗೆ ನಮ್ಮ ಹಿರಿಯರು ಹೇಳುವುದೂ ಅದೇ ಅಲ್ಲವೇ, ಇವನು ಯಾರ ಜೋಡಿ ಅಡ್ಡಾಡುತ್ತಾನೆ ನೋಡು ಅಂತ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಕ್ಕಿಂತ ಹೆಚ್ಚಾಗಿ ಒಬ್ಬ ವಿದ್ಯಾರ್ಥಿಯಿಂದ ಕಲಿತೆ. ಬೆಳಗಾವಿಗೆ ಬರುವ ಮೊದಲು, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬಾಗಲಕೋಟೆಯಲ್ಲಿದ್ದೆ. ಆಗ ನಾನೂ ನಿಮ್ಮ ಟ್ಯೂಷನ್ ಮಾಸ್ತರರ ಹಾಗೇ ಕಲಿಸುತ್ತಿದ್ದೆ. ಬೋರ್ಡಿನ ಮೇಲೆ ರನ್‌ನ ಇಪ್ಪತ್ತೆರಡು ಅರ್ಥ ಬರೆದು ಎಲ್ಲರಿಂದ ನಕಲು ಮಾಡಿಸಿದೆ. ಮಾರನೆಯ ದಿನ ‘ದ ರೆಡ್ ರ‍್ಯಾನ್ ಇನ್‌ಟು ದ ವೈಟ್’ ಎಂಬ ವಾಕ್ಯ ಕೊಟ್ಟೆ. ತರಗತಿಯ ಜಾಣರೆಲ್ಲ ಕೆಂಪು ಬಿಳಿಯೊಳಗೆ ಓಡಿತು ಅಂದರು. ಕೊನೆಯ ಬೆಂಚಿನಲ್ಲಿ ಇಳಕಲ್ಲಿನ ನೇಕಾರರ ಮನೆಯ ಹುಡುಗನೊಬ್ಬ ಕೂಡುತ್ತಿದ್ದ, ಇಂಗ್ಲಿಷ್ ಅಂದರೆ ತಲೆ ತಗ್ಗಿಸುವವನು. ಅವನು ಮೆಲ್ಲಗೆ ಹೇಳಿದ: “ಕೆಂಪು ಬಿಡ್ತು ಸರ, ಬಿಳೇದಕ್ಕ ಹತ್ತಿತು.”

ಹೇಗೆ ಗೊತ್ತಾಯಿತು ಅಂತ ಕೇಳಿದೆ. ಅವನು ಇಂಗ್ಲಿಷ್ ಬಿಟ್ಟು ಸೀರೆಯ ಮಾತು ಶುರು ಮಾಡಿದ. ಇಳಕಲ್ ಸೀರೆಯ ಸೆರಗು ಕೆಂಪು, ಅದರೊಳಗೆ ಬಿಳಿ ತೆನೆ. ಸೆರಗಿನ ಹಾಸನ್ನು, ಅಂದರೆ ಉದ್ದದ ಎಳೆಗಳನ್ನು, ಮೈಯ ಹಾಸಿನ ಎಳೆಗಳಿಗೆ ಕೊಂಡಿ ಹಾಕಿ ಕೂಡಿಸುತ್ತಾರೆ. ಬಣ್ಣ ಸರಿಯಾಗಿ ಕುಡಿದಿರದ ನೂಲಾದರೆ ಮೊದಲ ಒಗೆತದಲ್ಲೇ ಕೆಂಪು ಬಿಳಿಗೆ ಹತ್ತಿ ಇಡೀ ಸೆರಗು ಕೆಟ್ಟುಹೋಗುತ್ತದೆ. ಅದಕ್ಕೇ ಅವ್ವ ಹೊಸ ಸೀರೆ ಒಗೆಯುವಾಗ ಬಕೆಟ್ಟಿಗೆ ಒಂದು ಮುಟಿಗೆ ಉಪ್ಪು ಹಾಕಿ, ಸೆರಗಿನ ತುದಿಯಷ್ಟೇ ಅದ್ದಿ, ಎತ್ತಿ ಬೆಳಕಿಗೆ ಹಿಡಿದು ನೋಡುತ್ತಾಳಂತೆ. ತೆನೆಯ ಅಂಚಿನಲ್ಲಿ ಗುಲಾಬಿ ಇಣುಕಿತೋ ಅಲ್ಲಿಗೇ ನಿಲ್ಲಿಸಿ ತಣ್ಣೀರಿಗೆ ಹಾಕುತ್ತಾಳಂತೆ. ಹುಡುಗ ಎರಡು ಬೆರಳು ಎತ್ತಿ, ಇಲ್ಲದ ಸೆರಗನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದ. ನನ್ನ ಇಪ್ಪತ್ತೆರಡು ಅರ್ಥಗಳ ಪಟ್ಟಿಯಲ್ಲಿ ಆ ಅರ್ಥ ಇರಲೇ ಇಲ್ಲ. ಕೆಂಪು, ಬಿಳಿ, ಎರಡರ ನಡುವೆ ರನ್. ಅಷ್ಟು ಕಂಡರೆ ಬಟ್ಟೆ ಬಲ್ಲವನಿಗೆ ಬೇರೆ ಅರ್ಥ ಹೊಳೆಯಲು ಸಾಧ್ಯವೇ ಇಲ್ಲ. ಆ ದಿನದಿಂದ ನಾನು ಅರ್ಥಗಳ ಪಟ್ಟಿ ಬರೆಸುವುದನ್ನು ಬಿಟ್ಟೆ.

ಅದರ ಬದಲು ಒಂದೇ ಪ್ರಶ್ನೆ ಕೇಳಲು ಕಲಿಸಿದೆ. ಯಾವ ವಾಕ್ಯದಲ್ಲಿ ರನ್ ಕಂಡರೂ ಮೊದಲು ಕೇಳಬೇಕು: ಯಾವುದು ರನ್ ಆಗಾಕತ್ತೈತಿ? ಆ ವಸ್ತುವಿನ ಹೆಸರನ್ನು ಕನ್ನಡದಲ್ಲಿ ಹೇಳಿಕೊಂಡರೆ ಸಾಕು, ಅದಕ್ಕೆ ತಕ್ಕ ಕನ್ನಡ ಕ್ರಿಯಾಪದ ತಾನಾಗಿ ಬಾಯಿಗೆ ಬರುತ್ತದೆ. ನಲ್ಲಿಯ ನೀರೇ? ಹರಿಯುತ್ತದೆ. ಮೂಗೇ? ಸೋರುತ್ತದೆ. ಅಂಗಡಿಯೇ? ನಡೆಯುತ್ತದೆ. ಯಂತ್ರವೇ? ತಿರುಗುತ್ತದೆ, ಇಲ್ಲವೇ ಚಾಲೂ ಇದೆ. ಬಣ್ಣವೇ? ಬಿಡುತ್ತದೆ. ರಸ್ತೆಯೇ? “ಈ ದಾರಿ ಎಲ್ಲಿಗೆ ಹೋಗತೈತಿ?” ಅಂತ ಕೇಳುತ್ತೇವಲ್ಲ, ರಸ್ತೆ ಹೋಗುತ್ತದೆ. ಮೈ ಬಿಸಿಯಾಗಿ ಇಂಗ್ಲಿಷಿನವರು ‘ರನ್ನಿಂಗ್ ಅ ಫೀವರ್’ ಅಂದಾಗ ನಮಗೆ ಜ್ವರ ಬಂದಿರುತ್ತದೆ. ಸಕ್ಕರೆ ಕಾಯಿಲೆ ‘ರನ್ಸ್ ಇನ್ ದ ಫ್ಯಾಮಿಲಿ’ ಅಂದರೆ ಅದು ಅವರ ಮನೆತನದಾಗೇ ಐತಿ ಅನ್ನುತ್ತೇವೆ. ಈ ಒಂದೊಂದು ಕ್ರಿಯಾಪದವನ್ನೂ ನಿಮ್ಮ ಮಗ ಬಲ್ಲ. ಇಂಗ್ಲಿಷ್ ಒಂದೇ ಪದದಲ್ಲಿ ಮುಗಿಸುವ ಕೆಲಸಕ್ಕೆ ಕನ್ನಡ ಹತ್ತು ಪದ ಇಟ್ಟುಕೊಂಡಿದೆ, ‘ಹೊಡಿ’ಯ ವಿಷಯದಲ್ಲಿ ಅದು ತಿರುಗುಮುರುಗಾಗಿದೆ.

ಆದ್ದರಿಂದ ಕನ್ನಡದಲ್ಲಿ ಯೋಚಿಸಲೇಬೇಡ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಮಾಸ್ತರರ ಆತಂಕ ನನಗೆ ತಿಳಿಯುತ್ತದೆ. ಮಕ್ಕಳು ರನ್ ಅಂದರೆ ಓಡು ಅಂತ ಒಂದಕ್ಕೊಂದು ಗಂಟು ಹಾಕಿ, ಎಲ್ಲ ಕಡೆ ಓಡಿಸಿಬಿಡುತ್ತಾರೆ. ಆದರೆ ಅಲ್ಲಿ ಆದ ತಪ್ಪು ಕನ್ನಡದಲ್ಲಿ ಯೋಚಿಸಿದ್ದಲ್ಲ, ಕನ್ನಡದಲ್ಲಿ ಅರ್ಧ ಮಾತ್ರ ಯೋಚಿಸಿದ್ದು. ‘ಮೂಗು ಓಡುತ್ತಿದೆ’ ಅಂತ ಬರೆದ ಹುಡುಗ ತನ್ನ ಅವ್ವ ಹಾಗೆ ಅನ್ನುತ್ತಾಳೆಯೇ ಅಂತ ಒಂದು ಕ್ಷಣ ಕೇಳಿಕೊಂಡಿದ್ದರೆ ಬರೆಯುತ್ತಲೇ ಇರಲಿಲ್ಲ.

ಇಷ್ಟೆಲ್ಲ ಅರ್ಥ ಒಂದೇ ಪದಕ್ಕೆ ಅಂಟಿಕೊಂಡದ್ದು ಹೇಗೆ ಎಂಬುದು ನನಗೆ ತುಂಬ ಇಷ್ಟದ ಭಾಗ. ರನ್ ಅಂದರೆ ಮೊದಲು ಕಾಲಿನ ಓಟ, ನೀರಿಗೆ ಆಮೇಲೆ ಹೋಲಿಕೆಯಿಂದ ಬಂತು ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಹರಿಯುವುದು ಆ ಪದದ ಬೇರಿನಲ್ಲೇ ಇದೆ. ಇಂಗ್ಲಿಷಿನ ದಾಯಾದಿ ಭಾಷೆ ಜರ್ಮನ್‌ನಲ್ಲಿ ಇಂದಿಗೂ ಎರಡು ಪದಗಳಿವೆ: ನೀರು ಹರಿಯುವುದಕ್ಕೆ ರಿನ್ನೆನ್, ಕಾಲಿನಿಂದ ಓಡುವುದಕ್ಕೆ ರೆನ್ನೆನ್. ಈ ಎರಡನೆಯದು ಹುಟ್ಟಿನಲ್ಲಿ ಮೊದಲನೆಯದರ ಪ್ರೇರಣಾರ್ಥಕ ರೂಪ. ಅಂದರೆ ಹರಿ, ಹರಿಸು ಇದ್ದ ಹಾಗೆ. ಹಳೆಯ ಇಂಗ್ಲಿಷಿನಲ್ಲೂ ಇಂಥ ಜೋಡಿಯೇ ಇತ್ತು, ತಾನು ಓಡುವುದಕ್ಕೆ ಒಂದು, ಬೇರೆಯದನ್ನು ಓಡಿಸುವುದಕ್ಕೆ ಇನ್ನೊಂದು. ಕಾಲಕ್ರಮದಲ್ಲಿ ಎರಡರ ಉಚ್ಚಾರ ಸವೆದು ಒಂದರೊಳಗೊಂದು ಸೇರಿ ಇಂದಿನ ರನ್ ಆಯಿತು.

ಇದು ನಿಮ್ಮ ಮಗನಿಗೆ ನೇರವಾಗಿ ಉಪಯೋಗಕ್ಕೆ ಬರುವ ಮಾತು. ಕನ್ನಡದಲ್ಲಿ ನಮಗೆ ‘ಇಸು’ ಇದೆ. ಅಂಗಡಿ ನಡೆಯುತ್ತದೆ, ಅವ್ವ ಅಂಗಡಿ ನಡೆಸುತ್ತಾಳೆ. ನೀರು ಹರಿಯುತ್ತದೆ, ಅಪ್ಪ ಹೊಲಕ್ಕೆ ನೀರು ಹರಿಸುತ್ತಾನೆ. ಎತ್ತು ಓಡುತ್ತದೆ, ಅಣ್ಣ ಎತ್ತು ಓಡಿಸುತ್ತಾನೆ. ಇಂಗ್ಲಿಷಿಗೆ ಆ ಸೌಕರ್ಯ ಹೋಗಿಬಿಟ್ಟಿದೆ, ‘ದ ಶಾಪ್ ರನ್ಸ್’ ಅಂದರೂ ರನ್, ‘ಶಿ ರನ್ಸ್ ದ ಶಾಪ್’ ಅಂದರೂ ರನ್. ರನ್ ಮುಂದೆ ಕರ್ಮಪದ ಇದೆಯೋ ಇಲ್ಲವೋ ನೋಡಿ ನಾವೇ ‘ಇಸು’ ಹಚ್ಚಿಕೊಳ್ಳಬೇಕು. ನಿಘಂಟಿನ ಅರ್ಥಗಳಲ್ಲಿ ಬಹಳಷ್ಟು ಹೀಗೆ ಎರಡೆರಡಾಗಿ ಬಂದವು. ಇದನ್ನು ತಿಳಿದವನಿಗೆ ಆ ಎರಡು ಪುಟ ಒಂದೇ ಏಟಿಗೆ ಹಗುರಾಗುತ್ತದೆ.

ಆಮೇಲೆ ಯಂತ್ರಗಳು ಬಂದವು. ನೀರಿನ ಗಿರಣಿ, ಉಗಿಯ ಎಂಜಿನ್, ರೈಲು, ಮೋಟಾರು, ಈಗ ಕಂಪ್ಯೂಟರಿನ ಪ್ರೋಗ್ರಾಂ. ನಿಲ್ಲದೆ ಒಂದೇ ಸಮ ಸಾಗುವ ಹೊಸ ಹೊಸ ವಸ್ತುಗಳಿಗೆಲ್ಲ ಇಂಗ್ಲಿಷಿನವರ ಕೈಗೆ ಮೊದಲು ಸಿಕ್ಕ ಪದ ರನ್. ಗೋಕಾಕ ಫಾಲ್ಸ್‌ನ ನೂಲಿನ ಮಿಲ್ಲು 19ನೇ ಶತಮಾನದ ಕೊನೆಯಲ್ಲಿ ಘಟಪ್ರಭೆಯ ನೀರಿನ ಬಲದಿಂದ ಶುರುವಾದದ್ದು ನಿಮಗೆ ಗೊತ್ತಿರಬಹುದು. ಅಲ್ಲಿ ನೀರು ರನ್ ಆಗಿ ಚಕ್ರ ರನ್ ಆಗಿ ಮಿಲ್ಲು ರನ್ ಆಯಿತು ಅಂದರೆ ಇಂಗ್ಲಿಷಿನಲ್ಲಿ ಮೂರೂ ಸರಿ. ಕನ್ನಡದಲ್ಲಿ ನೀರು ಹರಿಯಿತು, ಚಕ್ರ ತಿರುಗಿತು, ಮಿಲ್ಲು ನಡೆಯಿತು. ‘ರನ್ ಆಫ್ ದ ಮಿಲ್’ ಅಂತ ಒಂದು ನುಡಿಗಟ್ಟೂ ಇದೆ. ಮಿಲ್ಲಿನಿಂದ ಹೊರಬಿದ್ದ, ಇನ್ನೂ ಒಳ್ಳೆಯದು ಕೆಟ್ಟದ್ದು ಆರಿಸದ ಮಾಲು ಅಂತ ಮೂಲ. ಈಗ ಸರ್ವೇಸಾಮಾನ್ಯ ಎಂಬ ಅರ್ಥದಲ್ಲಿ ಬಳಸುತ್ತಾರೆ.

ಈ ಹಾದಿಯಲ್ಲಿ ಇಂಗ್ಲಿಷ್ ಮಾತನಾಡುವವರೇ ಎಲ್ಲ ಕಡೆ ಒಪ್ಪಿಲ್ಲ. ಚುನಾವಣೆಗೆ ಅಮೆರಿಕದವರು ‘ರನ್’ ಮಾಡುತ್ತಾರೆ, ಬ್ರಿಟನ್ನಿನವರು ‘ಸ್ಟ್ಯಾಂಡ್’ ಮಾಡುತ್ತಾರೆ. ಅವರು ಓಡುತ್ತಾರೆ, ಇವರು ನಿಲ್ಲುತ್ತಾರೆ, ಕೆಲಸ ಒಂದೇ. ನಾವು ಬ್ರಿಟನ್ನಿನವರ ಕಡೆ, “ಗ್ರಾಮ ಪಂಚಾಯ್ತಿಗೆ ನಿಂತಾನ” ಅನ್ನುತ್ತೇವೆ. ಹಾಗೆಯೇ ಕ್ರಿಕೆಟ್ಟಿನ ರನ್. ಹದಿನೆಂಟನೇ ಶತಮಾನದಲ್ಲಿ ಲೆಕ್ಕ ಇಡುವವನು ಕೋಲಿನ ಮೇಲೆ ಚಾಕುವಿನಿಂದ ಗೀರು ಹಾಕುತ್ತಿದ್ದ. ಅದಕ್ಕೆ ಒಂದೊಂದು ರನ್ನನ್ನೂ ನಾಚ್, ಅಂದರೆ ಗೀರು, ಎನ್ನುತ್ತಿದ್ದರು. ಆಟಗಾರ ಓಡಿದ ಓಟವೇ ಅಂಕದ ಹೆಸರಾಯಿತು. ಈಗ ಚೆಂಡು ಗಡಿ ದಾಟಿದರೆ ಓಡದೆಯೇ ನಾಲ್ಕು ರನ್. ಓಟ ಹೋದರೂ ಹೆಸರು ಉಳಿಯಿತು.

ಔಟ್, ಇನ್‌ಟು, ಓವರ್ ಮುಂತಾದ ಬಾಲ ಹತ್ತಿದ ರನ್‌ಗಳ ಮೇಲೆ ಬಹಳ ಹೊತ್ತು ಕಳೆಯಬೇಕಿಲ್ಲ. ಓದುತ್ತ ಹೋದಂತೆ ಅವು ಹತ್ತುತ್ತವೆ. ಸಕ್ಕರೆ ‘ರನ್ ಔಟ್’ ಆದರೆ ತೀರಿದೆ, ಬಸ್ಸು ನಾಯಿಯ ಮೇಲೆ ‘ರನ್ ಓವರ್’ ಆದರೆ ಹಾಯ್ದಿದೆ. ‘ರನ್ ಇನ್‌ಟು’ ಒಂದನ್ನು ಮಾತ್ರ ನೋಡಿಕೊಳ್ಳಲಿ. ಬಸ್ಸು ಮರಕ್ಕೆ ರನ್ ಇನ್‌ಟು ಮಾಡಿದರೆ ಬಡಿದಿದೆ. ಪೇಟೆಯಲ್ಲಿ ಕಾಕಾನಿಗೆ ರನ್ ಇನ್‌ಟು ಮಾಡಿದರೆ ಕಾಕಾ ಅಚಾನಕ್ ಭೆಟ್ಟಿಯಾಗಿದ್ದಾರೆ, ಯಾರಿಗೂ ಪೆಟ್ಟಾಗಿಲ್ಲ. ಇಲ್ಲೂ ಅದೇ ಪ್ರಶ್ನೆ: ಯಾವುದು, ಯಾವುದರ ಜೋಡಿ?

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಒಂದೇ ಪದ ಹಲವು ಅರ್ಥಕ್ಕೆ ಬೆಳೆಯುವುದು ಬೇರೆ, ಎರಡು ಬೇರೆ ಪದಗಳು ಒಂದೇ ರೂಪಕ್ಕೆ ಬಂದು ನಿಲ್ಲುವುದು ಬೇರೆ. ರನ್‌ನ ಅರ್ಥಗಳ ಹಿಂದೆ ನಿಲ್ಲದೆ ಸಾಗುವ ಒಂದು ಚಿತ್ರ ಇದೆ. ಆದರೆ ಕ್ರಿಕೆಟ್ ಬ್ಯಾಟಿಗೂ, ಬಾವಲಿ ಎಂಬ ಅರ್ಥದ ಬ್ಯಾಟಿಗೂ ನಡುವೆ ಯಾವ ನಂಟೂ ಇಲ್ಲ, ಎರಡೂ ಬೇರೆ ಬೇರೆ ಮೂಲದಿಂದ ಬಂದವು. ಅಲ್ಲಿ ಒಂದೇ ಚಿತ್ರ ಹುಡುಕುತ್ತ ಕೂತರೆ ಹೊತ್ತು ಹಾಳು.

ಕನ್ನಡದಲ್ಲಿ ಇದಕ್ಕೆ ನನ್ನ ಮೆಚ್ಚಿನ ಉದಾಹರಣೆ ‘ಹರಿ’. ಹೊಳೆ ಹರಿಯುತ್ತದೆ, ಅಂಗಿಯೂ ಹರಿಯುತ್ತದೆ. ಕಾರ ಹುಣ್ಣಿಮೆಯ ದಿನ ಕೋಡಿಗೆ ಬಣ್ಣ ಬಳಿದ ಎತ್ತುಗಳು ಅಗಸಿಯ ಹತ್ತಿರ ಓಡಿ ಬಂದು ‘ಕರಿ ಹರಿ’ಯುವುದನ್ನು ನಿಮ್ಮ ಊರಲ್ಲಿ ಮಗ ನೋಡಿಯೇ ಇರುತ್ತಾನೆ. ಎತ್ತಿನ ಓಟ ಇದೆ, ಅಡ್ಡಲಾಗಿ ಕಟ್ಟಿದ ಕರಿ ಎಂಬ ತೋರಣ ಕಿತ್ತು ಹೋಗುವುದೂ ಇದೆ, ಎರಡೂ ಒಂದೇ ಕಡೆ ಕಾಣುವುದರಿಂದ ಈ ಹರಿ ಆ ಹರಿ ಒಂದೇ ಇರಬೇಕು ಅನಿಸುತ್ತದೆ. ಅಲ್ಲ. ಹಳಗನ್ನಡದಲ್ಲಿ ಓಡುವುದಕ್ಕೆ, ಪ್ರವಹಿಸುವುದಕ್ಕೆ ಇದ್ದದ್ದು ‘ಪರಿ’. ಕತ್ತರಿಸುವುದಕ್ಕೆ, ಸೀಳುವುದಕ್ಕೆ ಇದ್ದದ್ದು ‘ಪಱಿ’, ಶಕಟರೇಫ ಎಂದು ಕರೆಯುವ ಆ ಗಡಸು ಱ ಇದ್ದ ಪದ. ಕಾಲ ಕಳೆದಂತೆ ಱ ಕರಗಿ ರ ಆಯಿತು, ಮೊದಲಿನ ಪ ಹೋಗಿ ಹ ಬಂತು, ಎರಡು ಪದಗಳು ಒಂದೇ ಅಂಗಿ ತೊಟ್ಟವು. ಇತ್ತ ಇಂಗ್ಲಿಷಿನಲ್ಲಿ ನೋಡಿ: ಹೆಂಗಸರ ತೆಳು ಕಾಲುಚೀಲದ ಒಂದು ಎಳೆ ಕಿತ್ತು ಉದ್ದಕ್ಕೂ ಬಿಚ್ಚುತ್ತ ಹೋದರೆ ಅಮೆರಿಕದವರು ಅದನ್ನೂ ರನ್ ಅನ್ನುತ್ತಾರೆ. ಅಲ್ಲಿ ಹರಿಯುವ ನೀರಿಗೂ ಹರಿದ ಚೀಲಕ್ಕೂ ನಿಜವಾಗಿಯೂ ಒಂದೇ ಪದ, ಆ ಹರಕು ಕೆಳಗೆ ಕೆಳಗೆ ಓಡುತ್ತದಲ್ಲ, ಅದಕ್ಕೆ. ನಮ್ಮಲ್ಲಿ ಎರಡು ಪದ ಸೇರಿ ಆದದ್ದು, ಅವರಲ್ಲಿ ಒಂದೇ ಪದ ಬೆಳೆದು ಆಗಿದೆ. ಈ ಜೋಡಿ ಕಂಡ ದಿನ ನಾನು ರಾತ್ರಿ ಬಹಳ ಹೊತ್ತು ಮಲಗಲಿಲ್ಲ.

ಇನ್ನು ನೀವು. ನಿಮಗೆ ಇಂಗ್ಲಿಷ್ ಬರುವುದಿಲ್ಲ ಅಂತ ಪತ್ರದ ಧಾಟಿಯಲ್ಲೇ ಗೊತ್ತಾಗುತ್ತದೆ, ಆದರೆ ರನ್ ನಿಮಗೆ ಬರುತ್ತದೆ. ಅಡುಗೆಮನೆಯ ಕಟ್ಟೆಗೆ ಕಲ್ಲು ಹಾಕಿಸುವಾಗ ಗೌಂಡಿ “ರನ್ನಿಂಗ್ ಫೂಟಿಗೆ ಇಷ್ಟು” ಅಂತ ದರ ಹೇಳುತ್ತಾನೆ, ಅಗಲ ಬಿಟ್ಟು ಉದ್ದ ಮಾತ್ರ ಅಳೆಯುವ ಲೆಕ್ಕ ಅಂತ ನಿಮಗೆ ತಿಳಿಯುತ್ತದೆ. ನಿಮ್ಮ ಮನೆಯಲ್ಲಿ ಕಸೂತಿ ಬಲ್ಲವರಿದ್ದರೆ ಕೇಳಿ, ನೇಗಿ ಹೊಲಿಗೆ ಅಂದರೆ ಇಂಗ್ಲಿಷಿನವರ ರನ್ನಿಂಗ್ ಸ್ಟಿಚ್. ಹೋದ ದಾರಿಯಲ್ಲೇ ತಿರುಗಿ ಬಂದು ಖಾಲಿ ಬಿಟ್ಟ ಜಾಗ ತುಂಬುವ ಗವಂತಿ ಅವರ ಡಬಲ್ ರನ್ನಿಂಗ್ ಸ್ಟಿಚ್. ಸೂಜಿ ಬಟ್ಟೆಯ ಒಳಗೆ ಹೊರಗೆ ಆಡುತ್ತ ನಿಲ್ಲದೆ ಮುಂದೆ ಸಾಗುತ್ತದೆ, ಅದಕ್ಕೆ ರನ್ನಿಂಗ್. ಮಗನನ್ನು ಪಕ್ಕಕ್ಕೆ ಕೂಡಿಸಿಕೊಂಡು ನಾಲ್ಕು ಹೊಲಿಗೆ ಹಾಕಿ ತೋರಿಸಿ. ಡಿಕ್ಷನರಿಯ ಎರಡು ಪುಟ ಮಾಡದ ಕೆಲಸ ಆ ಸೂಜಿ ಮಾಡುತ್ತದೆ.

ದಿನಕ್ಕೆ ಐದು ಅರ್ಥ ಬರೆಯುವ ಬದಲು ದಿನಕ್ಕೊಂದು ವಾಕ್ಯ ಬರೆದುಕೊಳ್ಳಲಿ, ಎಲ್ಲಾದರೂ ಕಂಡದ್ದು ಅಥವಾ ಕೇಳಿದ್ದು. ವಾಕ್ಯದ ಕೆಳಗೆ ಏನು ರನ್ ಆಯಿತು, ಅವ್ವ ಅದನ್ನು ಹೇಗೆ ಹೇಳುತ್ತಾಳೆ ಅಂತ 2 ಸಾಲು. ಅರ್ಥ ಗೊತ್ತಾಗದಿದ್ದಾಗ ಡಿಕ್ಷನರಿ ತೆಗೆಯಲಿ, ಆದರೆ ಅರ್ಥ ಓದುವ ಮೊದಲು ಅಲ್ಲಿ ಕೊಟ್ಟ ಉದಾಹರಣೆ ವಾಕ್ಯ ಓದಲಿ.

ಈಗ ಬಾವಿ. ‘ಅವರ್ ವೆಲ್ ರ‍್ಯಾನ್ ಡ್ರೈ’ ಸರಿಯಾದ ಇಂಗ್ಲಿಷ್. ಬರೀ ಸರಿಯಲ್ಲ, ಚೆಂದದ ಇಂಗ್ಲಿಷ್. ರನ್ ಮುಂದೆ ಡ್ರೈ, ಶಾರ್ಟ್, ಲೋ, ಹೈ ಇಂಥ ಗುಣವಾಚಕ ಬಂದಾಗ ಅದು ‘ಆಗು’ ಎಂಬ ಅರ್ಥ ಕೊಡುತ್ತದೆ. ‘ಸಪ್ಲೈಸ್ ರ‍್ಯಾನ್ ಶಾರ್ಟ್’ ಅಂದರೆ ಸಾಮಾನು ಕಡಿಮೆಯಾಯಿತು. ವೆಲ್ ರ‍್ಯಾನ್ ಡ್ರೈ ಅಂದರೆ ಬಾವಿ ಬತ್ತಿತು. ಹರಿಯುವ ಹಳೆಯ ಅರ್ಥ ಅದರೊಳಗೆ ಇನ್ನೂ ಜೀವಂತವಾಗಿದೆ: ಸೆಲೆ ಹರಿದು ಹರಿದು ಕೊನೆಗೆ ಒಣಗಿತು. ಸ್ವಲ್ಪ ದೊಡ್ಡದಾದ ಯಾವ ಇಂಗ್ಲಿಷ್ ಡಿಕ್ಷನರಿ ತೆಗೆದರೂ ಈ ಪ್ರಯೋಗ ಸಿಗುತ್ತದೆ. ಆ ಪುಟವನ್ನು ತೆಗೆದುಕೊಂಡು ನೀವೇ ಶಾಲೆಗೆ ಹೋಗಿ, ಜಗಳಕ್ಕಲ್ಲ, ಕೇಳುವುದಕ್ಕೆ. ಮಗನನ್ನೂ ಕರೆದುಕೊಂಡು ಹೋಗಿ, ಶಿಕ್ಷಕರಿಗೆ ಅವನೇ ತೋರಿಸಲಿ. ಕೈಬರಹದ ರಾಶಿಯ ನಡುವೆ ಅವಸರದಲ್ಲಿ ಎಳೆದ ಗೆರೆ ಇರಬಹುದು. ತಿದ್ದಿಕೊಳ್ಳುವವರೇ ಹೆಚ್ಚು, ನಾನೂ ನನ್ನ ಕಾಲದಲ್ಲಿ ಅಂಥ ಗೆರೆಗಳನ್ನು ಎಳೆದು, ಆಮೇಲೆ ಹುಡುಗರೆದುರೇ ಅಳಿಸಿದ್ದೇನೆ.

ಅವನು ಬರೆದದ್ದು ಪುಸ್ತಕದ ಬಾವಿಯಲ್ಲ, ನಿಮ್ಮ ನಿಂಬೆ ತೋಟದ ಬಾವಿಯೇ ಇರಬೇಕು ಅಂತ ನನಗೆ ಅನಿಸುತ್ತದೆ. ಬತ್ತಿದ್ದನ್ನು ಕಣ್ಣಾರೆ ಕಂಡವನಿಗೇ ಆ ವಾಕ್ಯ ಬರುತ್ತದೆ. ಮುಂದಿನ ಪತ್ರದಲ್ಲಿ ಎರಡು ವಿಷಯ ಬರೆಯಿರಿ: ಶಾಲೆಯಲ್ಲಿ ಏನಂದರು, ಮತ್ತೆ ಬಾವಿಗೆ ನೀರು ಬಂತೇ.